ಮುತ್ತಿನ ಸರವೂ ಅದರ ಒಡತಿಯೂ

ಫ್ರೆಂಚ್ ಕಥೆಗಾರನಾದ ಮೊಪಾಸಾನ (1850–1893) ಹೆಸರನ್ನೆತ್ತಿದೊಡನೆ ವಾಚಕರಲ್ಲಿ ಹಲವರಿಗೆ ನೆನಪಾಗುವುದು 1884ರಲ್ಲಿ ಪ್ರಕಟವಾದ ವಜ್ರಹಾರದ ಕಥೆ. ಎರವಲು ತಂದ ಹಾರವನ್ನು ಕಳೆದುಕೊಂಡವಳು ಹತ್ತು ವರ್ಷ ದುಡಿದು ಸಾಲ ತೀರಿಸಿದ ಮೇಲೆ, ಅದು ಹುಸಿಯೊಡವೆಯೆಂದು ಅಲ್ಲಿ ತಿಳಿಯುತ್ತದೆ. ಅದಕ್ಕೆ ಹಿಂದಿನ ವರ್ಷವೇ ಆತನು ಬರೆದ 'ಒಡವೆಗಳು' ಎಂಬ ಕಥೆಯಲ್ಲಿ ಹುಸಿಯೆಂದು ಹಳಿಸಿಕೊಂಡ ಹಾರವೇ ನಿಜವಾಗುತ್ತದೆ. ಈ ಎರಡನೆಯದೇ ಹೆಚ್ಚು ಆಳವಾದುದೆಂದು ನಮ್ಮ ಅಭಿಪ್ರಾಯ.

ಲಾಂಟಿನ್ ಎಂಬಾತನು ಪ್ಯಾರಿಸಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಸಂಬಳ ವರ್ಷಕ್ಕೆ 3500 ಫ್ರಾಂಕು. ಅಷ್ಟರಲ್ಲಿಯೇ ಹೆಂಡತಿಯು ಸಿರಿವಂತರ ಮನೆಯಂತೆ ಸಂಸಾರ ತೂಗಿಸುತ್ತಾಳೆ. ಆಕೆಯಲ್ಲಿ ಗಂಡನು ಕಾಣುವ ದೋಷಗಳು ಎರಡೇ: ನಾಟಕದ ಹುಚ್ಚು, ಹುಸಿಯೊಡವೆಗಳ ಹುಚ್ಚು. ಸಂಜೆಯ ಹೊತ್ತು ಆಕೆಯು ಒಡವೆಯ ಪೆಟ್ಟಿಗೆಯನ್ನು ತೆರೆದು, ಮುತ್ತುಗಳನ್ನು ಬೆರಳುಗಳಲ್ಲಿ ಉರುಳಿಸುತ್ತ, ಇವು ನಿಜವಾದವೇ ಎನಿಸುವುದಿಲ್ಲವೆ, ನೋಡಿ ಎನ್ನುತ್ತಾಳೆ. ಆತನು ನಗುತ್ತಾನೆಯೇ ಹೊರತು ನೋಡುವುದಿಲ್ಲ. ಕಥೆಯ ಜೀವಾಳವಿರುವುದು ಇಲ್ಲಿ. ಆಕೆಯು ಮುಚ್ಚಿಟ್ಟಳೆಂದು ಓದುಗರು ಸಾಮಾನ್ಯವಾಗಿ ದೂರುವರು. ಮುಚ್ಚಿಟ್ಟದ್ದನ್ನೇ ದಿನವೂ ಗಂಡನ ಕಣ್ಣ ಮುಂದೆ ಹಿಡಿದಳೆಂಬುದನ್ನು ಮರೆಯುವರು.

ಚಳಿಗಾಲದ ಒಂದು ರಾತ್ರಿ ಸಂಗೀತನಾಟಕದಿಂದ ನಡುಗುತ್ತ ಬಂದವಳು ಎಂಟು ದಿನಗಳಲ್ಲಿ ತೀರಿಕೊಳ್ಳುತ್ತಾಳೆ. ಅದೇ ಸಂಬಳದಲ್ಲಿ ಒಬ್ಬನ ಹೊಟ್ಟೆಯೂ ತುಂಬದಾದಾಗ, ಆರೆಂಟು ಫ್ರಾಂಕಾದರೂ ಬಂದೀತೆಂದು ಆತನು ಹಾರವೊಂದನ್ನು ಮಾರಲು ಒಯ್ಯುತ್ತಾನೆ. ವ್ಯಾಪಾರಿಯು ಹದಿನೆಂಟು ಸಾವಿರ ಕೊಡುವೆನೆನ್ನುತ್ತಾನೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆಕೆಯ ಹೆಸರು, ಬೀದಿ, ಮನೆಯ ಸಂಖ್ಯೆ, 1876ರ ಜುಲೈ 20ನೆಯ ತಾರೀಖು ಎಲ್ಲವೂ ಇವೆ. ಕೊಟ್ಟವನಾರೆಂಬುದು ಮಾತ್ರ ಕಥೆಯ ಕೊನೆಯವರೆಗೂ ತಿಳಿಯದು. ಒಂದು ಹೆಣ್ಣಿನ ಬಾಳಿನಲ್ಲಿ ನಮಗೆ ಉಳಿದದ್ದು ಈ ಒಂದು ಸಾಲು. ಆಕೆಗೆ ಪ್ರೀತಿಯಿತ್ತೆ, ಭಯವಿತ್ತೆ? ಗುಮಾಸ್ತೆಯ ಊಟದ ಮೇಜನ್ನು ತುಂಬುವುದಕ್ಕಾಗಿಯೇ ಇದೆಲ್ಲ ನಡೆಯಿತೆ? ಕಥೆಗಾರನು ಉತ್ತರಿಸದೆ ಬಿಟ್ಟುದು ಮೆಚ್ಚತಕ್ಕ ಸಂಯಮ.

ಸಂಗತಿ ಹೊಳೆದಾಗ ಬೀದಿಯಲ್ಲಿ ಮೂರ್ಛೆ ಹೋದ ಗಂಡನು ಮರುದಿನ ಹಸಿವೆಯಿಂದ ಅಂಗಡಿಗೆ ಮರಳುತ್ತಾನೆ. ಮೊದಲು ನಾಚುತ್ತಾನೆ; ಬಳಿಕ ಉಳಿದ ಒಡವೆಗಳನ್ನೂ ತಂದು ಚೌಕಾಸಿ ಮಾಡುತ್ತಾನೆ, ಲೆಕ್ಕ ತೋರಿಸೆಂದು ಗದರುತ್ತಾನೆ; ಮೊತ್ತವೇರಿದಂತೆ ದನಿಯೂ ಏರುತ್ತದೆ. ಬಂದ ಹಣ 1,96,000. ತಾನೂ ಕಚೇರಿಗಳಲ್ಲಿ ಗುಮಾಸ್ತೆಯಾಗಿದ್ದ ಮೊಪಾಸಾನಿಗೆ ಈ ದನಿಯ ಪರಿಚಯ ಚೆನ್ನಾಗಿತ್ತೆಂದು ತೋರುತ್ತದೆ. ಹೆಂಡತಿಯು ಬದುಕಿದ್ದಾಗ ಹುಸಿಯೆಂದು ಹೀಗಳೆದುದನ್ನು, ಆಕೆಯು ಸತ್ತ ಮೇಲೆ ನಿಜವೆಂದು ತಿಳಿದು ಉಣ್ಣುವವನ ಮೇಲೆ ಲೇಖಕನು ತೀರ್ಪಿನ ಮಾತೊಂದನ್ನೂ ಆಡುವುದಿಲ್ಲ. ಆ ದನಿಯೇ ಸಾಕು.

ಕೊನೆಯ ವಾಕ್ಯವೊಂದನ್ನು ಮಾತ್ರ ನಾವು ಒಪ್ಪಲಾರೆವು. ಆರು ತಿಂಗಳಲ್ಲಿ ಆತನು ಮರುಮದುವೆಯಾದನು. ಎರಡನೆಯವಳು ಶೀಲವತಿಯಾದರೂ ಸಿಡುಕಿನವಳಾಗಿ ಆತನನ್ನು ಗೋಳುಹೊಯ್ದುಕೊಂಡಳು ಎಂಬುದು ಅದರ ಅಭಿಪ್ರಾಯ. ಇದು ಕ್ಲಬ್ಬಿನ ನಗೆಮಾತು. ಮುತ್ತುಗಳನ್ನು ಉರುಳಿಸುತ್ತ ಕುಳಿತಿದ್ದವಳನ್ನು ಅಷ್ಟು ಗಂಭೀರವಾಗಿ ಕಂಡ ಲೇಖನಿಯಿಂದ ಇದು ಬರಬಾರದಾಗಿತ್ತು.