ಮುಂದಿನ ಹಾಡು ಗೊತ್ತಿರಬಾರದು

ಈ ವಾರ ಅಮೆರಿಕದ ಡಬ್ಲ್ಯೂಎಫ್‌ಎಂಯು ರೇಡಿಯೊ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. 1958ರಲ್ಲಿ ನ್ಯೂಜೆರ್ಸಿಯ ಅಪ್ಸಾಲಾ ಕಾಲೇಜಿನಲ್ಲಿ ಶುರುವಾದ ನಿಲಯ ಅದು. 1995ರಲ್ಲಿ ಕಾಲೇಜೇ ಬಾಗಿಲು ಹಾಕಿತು. ಅಷ್ಟರೊಳಗೆ ಪರವಾನಗಿ ಕೊಂಡುಕೊಂಡಿದ್ದ ರೇಡಿಯೊ ಉಳಿಯಿತು. ಜಾಹೀರಾತಿಲ್ಲ, ಕೇಳುಗರ ಕಾಸಿನಲ್ಲೇ ನಡೆಯುತ್ತದೆ. ಯಾವ ಹಾಡು ಹಾಕಬೇಕೆಂದು ನಿರೂಪಕರಿಗೆ ಯಾರೂ ಹೇಳುವುದಿಲ್ಲ. ಹಳೆಯ ಕಾರ್ಯಕ್ರಮಗಳನ್ನೂ ಹಾಡಿನ ಪಟ್ಟಿಗಳನ್ನೂ ಅಂತರ್ಜಾಲದಲ್ಲಿ ಇಟ್ಟಿದ್ದಾರೆ.

ಹೀಗೆ ಇಡುವುದಕ್ಕೆ ಕಾನೂನು ಏನನ್ನುತ್ತದೆ ಎಂದು ನೋಡಹೋದವನು ಅಲ್ಲೇ ಸಿಕ್ಕಿಬಿದ್ದೆ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆ ಅಂತರ್ಜಾಲ ರೇಡಿಯೊಗಳಿಗೆ ಒಂದು ಸಾಮಾನ್ಯ ಪರವಾನಗಿ ಕೊಡುತ್ತದೆ. ಅದರ ಷರತ್ತುಗಳು ಸ್ವಾರಸ್ಯವಾಗಿವೆ. ಮೂರು ಗಂಟೆಯೊಳಗೆ ಒಂದು ಆಲ್ಬಮ್ಮಿನಿಂದ 3 ಹಾಡು ಮೀರುವಂತಿಲ್ಲ, ಅದರಲ್ಲೂ ಬೆನ್ನುಬೆನ್ನಿಗೆ ಎರಡೇ. ಒಬ್ಬ ಕಲಾವಿದನದಾದರೆ 4, ಒಂದರ ಹಿಂದೊಂದು ಮೂರಕ್ಕಿಂತ ಹೆಚ್ಚಿಲ್ಲ. ಯಾವ ಹಾಡು ಬರಲಿದೆ ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸಬಾರದು. ಜನ ಡಿಸ್ಕ್ ಕೊಳ್ಳುವುದು ಬಿಟ್ಟು ರೆಕಾರ್ಡ್ ಮಾಡಿಕೊಂಡಾರೆಂಬ ಹೆದರಿಕೆಯಿಂದ ಬಂದ ಷರತ್ತುಗಳಿವು. ಆದರೆ ರಸಿಕನೊಬ್ಬ ಕೂತು ಬರೆದ ಹಾಗಿವೆ!

ನಮ್ಮ ಕಛೇರಿಗಳ ಕಟ್ಟಳೆಯೂ ಇದೇ ಅಲ್ಲವೆ? ಒಂದೇ ರಾಗದ ಎರಡು ಕೃತಿಗಳನ್ನು ಒಟ್ಟೊಟ್ಟಿಗೆ ಹಾಡುವುದಿಲ್ಲ. ತಾಳ ಬದಲಾಗಬೇಕು, ನಡೆ ಬದಲಾಗಬೇಕು. ಮುಂದೇನೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುವುದಿಲ್ಲ; ಆಲಾಪನೆಯ ಮೊದಲ ಸಂಚಾರದಲ್ಲೇ ರಾಗ ಹಿಡಿದು ಪಕ್ಕದವರ ಕಿವಿಯಲ್ಲಿ ಉಸುರುವುದು ನಮ್ಮ ಸುಖ.

ಇಲ್ಲೊಂದು ಹಳೇ ಬಾಕಿ ತೀರಿಸಬೇಕು. ಬಗೆಬಗೆಯ ಸಂಗೀತ ಬೆರೆಸುವ ಕಾರ್ಯಕ್ರಮಗಳನ್ನು ನಾನು ಹೊಗಳಿದಾಗಲೆಲ್ಲ "ಬರೀ ಚಿತ್ರಾನ್ನ" ಎಂದು ಮೂಗು ಮುರಿಯುವ ಮಡಿವಂತರಿದ್ದಾರೆ. ಅವರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುವ ಕಛೇರಿ ಏನಂತೆ? ವರ್ಣ, ನಾಲ್ಕಾರು ವಾಗ್ಗೇಯಕಾರರ ಕೃತಿಗಳು, ರಾಗ-ತಾನ-ಪಲ್ಲವಿ. ಅದರ ಬೆನ್ನಿಗೇ ಶೃಂಗಾರದ ಜಾವಳಿ, ದೇವರನಾಮ, ತಿಲ್ಲಾನ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಹೆಸರಿನಲ್ಲಿ ನಾವು ಒಪ್ಪಿಕೊಂಡ ಪದ್ಧತಿ ಇದು. ಹದವರಿತ ಬೆರಕೆ ಅಂದರೆ ಇದೇ. ಅಯ್ಯಂಗಾರ್ಯರು ಮಾಡಿದರೆ ಸಂಪ್ರದಾಯ, ರೇಡಿಯೊದವನು ಮಾಡಿದರೆ ಅಪಚಾರ!

ಬೆರಕೆಗೆ ನನ್ನ ಮಾದರಿ ರೇಡಿಯೊ ನಿರೂಪಕ ಜಾನ್ ಪೀಲ್. ಬಿಬಿಸಿಯ ರೇಡಿಯೊ ಒನ್ ಶುರುವಾದ 1967ರಿಂದ, 2004ರಲ್ಲಿ ಪೆರುವಿನ ಕುಸ್ಕೋದಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಜಿಂಬಾಬ್ವೆಯ ಭುಂಡು ಬಾಯ್ಸ್‌ನ ಹಗುರ ಗಿಟಾರು ಅವರಿಗೆ ಪ್ರೀತಿ. ಕಿವಿ ಹರಿಯುವಂತೆ ಅಬ್ಬರಿಸುವ ನೇಪಾಮ್ ಡೆತ್ ತಂಡವೂ ಅಷ್ಟೇ ಪ್ರೀತಿ. ಈ ತಂಡದ್ದೊಂದು ಹಾಡು ಒಂದು ಚಿಲ್ಲರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪೀಲ್ ರೆಕಾರ್ಡನ್ನು ತಪ್ಪು ವೇಗದಲ್ಲಿ ಹಾಕಿಬಿಡುವುದೂ ಇತ್ತು. ಅದನ್ನು ಅಡಗಿಸುತ್ತಿರಲಿಲ್ಲ, ಕೇಳುಗರೆದುರೇ ಒಪ್ಪಿಕೊಳ್ಳುತ್ತಿದ್ದರು. ಆ ದನಿಯಲ್ಲಿ ಪಾಂಡಿತ್ಯದ ಗತ್ತಿರಲಿಲ್ಲ. "ನನಗೆ ಸಿಕ್ಕಿದೆ, ನೀವೂ ಕೇಳಿ" ಎನ್ನುವ ಆತುರವಿತ್ತು.

ಆ ಆತುರ ಆ್ಯಪ್‌ಗಳ "ನಿಮಗಾಗಿ" ಪಟ್ಟಿಗಿಲ್ಲ. ಕುಮಾರ ಗಂಧರ್ವರ ಒಂದು ನಿರ್ಗುಣಿ ಭಜನೆ ಕೇಳಿದಿರೋ, ಅದೇ ಜಾಡಿನ ಹತ್ತು ಸುರಿಯುತ್ತದೆ. ನಮಗೆ ಈಗಾಗಲೇ ಇಷ್ಟವಾದದ್ದರ ಅಣ್ಣತಮ್ಮಂದಿರನ್ನೇ ಕರೆತರುವ ಸೇವಕ ಅದು. ಆಕಾಶವಾಣಿಯ ಕಾಲದಲ್ಲಿ ಕೃಷಿರಂಗಕ್ಕೆ ಕಾದವರ ಕಿವಿಗೆ ಗಮಕ ಬೀಳುತ್ತಿತ್ತು, ಗಮಕ ಕೇಳಲು ಕೂತವರಿಗೆ ಚಿತ್ರಗೀತೆ. ಹಾಗಾಗಲೆಂದು ಯಾರೂ ಯೋಚಿಸಿರಲಿಕ್ಕಿಲ್ಲ, ಅದು ವೇಳಾಪಟ್ಟಿಯ ಕೃಪೆ. ಆದರೂ ಎಷ್ಟೋ ಮನೆಗಳ ಅಭಿರುಚಿ ಬೆಳೆದದ್ದು ಹಾಗೆಯೇ.

ಕಾಯ್ದೆಯನ್ನು ಹೊಗಳಿದ್ದು ಸಾಕು, ಅದರ ಹುಳುಕನ್ನೂ ಹೇಳಬೇಕು. ಅದೇ ಪರವಾನಗಿಯಡಿ, ಪ್ರಸಾರವಾದ ಕಾರ್ಯಕ್ರಮವನ್ನು ಬೇಕೆಂದಾಗ ಕೇಳುವಂತೆ ಇಡಬೇಕಾದರೆ ಅದು 5 ಗಂಟೆಗಿಂತ ಕಡಿಮೆ ಇರಬಾರದು. ಇಟ್ಟರೂ ಎರಡೇ ವಾರ. ಒಂದು ಗಂಟೆಯ ಕಾರ್ಯಕ್ರಮ ಕಟ್ಟುವ ಬಡಪಾಯಿ ಏನು ಮಾಡಬೇಕು? ಅಂಥವರು ಸಂಗೀತದ ಹಕ್ಕಿನ ಹಣವನ್ನು ತಾನೇ ಸಲ್ಲಿಸುವ ಮಿಕ್ಸ್‌ಕ್ಲೌಡ್‌ನಂಥ ತಾಣಕ್ಕೆ ಹೋಗುತ್ತಾರೆ.

ನಮ್ಮಲ್ಲೂ ಈಗ ಮನೆಯಲ್ಲೇ ಕೂತು ಹಾಡು ಪೋಣಿಸಿ ಅಂತರ್ಜಾಲಕ್ಕೆ ಏರಿಸುವವರಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೆ: ಹಾಡುಗಳ ನಡುವೆ ನಾಲ್ಕು ಮಾತಾಡಿ. ಹಾಡಿದವರ ಹೆಸರಿನ ಜೊತೆಗೆ ತಬಲಾ, ಪಿಟೀಲು ನುಡಿಸಿದವರ ಹೆಸರನ್ನೂ ಹೇಳಿ. ಪಟ್ಟಿಯನ್ನು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಹಾಕಿ.