‘ರೂಪಾಂತರಿ’ ಪದದ ಜೊತೆ ನನ್ನ ಜಗಳ

2022ರ ಜನವರಿ. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಸುತ್ತೂರಿನ ಅಜ್ಜಿ ಮನೆ ಸೇರಿಕೊಂಡಿದ್ದೆ. ಟಿವಿಯಲ್ಲಿ ಮುಳ್ಳುಮುಳ್ಳಿನ ಕೆಂಪು ಚೆಂಡು ಗಿರಗಿರ ತಿರುಗುತ್ತಿತ್ತು. ಕೆಳಗೆ ದಪ್ಪಕ್ಷರದಲ್ಲಿ ‘ರೂಪಾಂತರಿ’. ಅಜ್ಜಿ ಕೇಳಿದರು: “ಮಾರೀಚನಂಗೆ ವೇಷ ಹಾಕ್ತದಾ ಮಗ ಅದು?”

ತಪ್ಪು ಅಜ್ಜಿಯದಲ್ಲ, ಪದದ್ದು. ‘ರೂಪಾಂತರಿ’ ಅಂದ ಕೂಡಲೇ ವೈರಸ್ಸಿಗೆ ಬುದ್ಧಿ, ಹಟ, ಸಂಚು ಎಲ್ಲ ಬಂದುಬಿಡುತ್ತದೆ. ಮಾರೀಚ ಜಿಂಕೆಯಾದದ್ದು ಒಂದು ಉದ್ದೇಶಕ್ಕೆ. ಕೊರೊನಾಗೆ ಉದ್ದೇಶವೇ ಇಲ್ಲ. ಸುಮಾರು 30,000 ಅಕ್ಷರಗಳ ಆರ್‌ಎನ್‌ಎ. ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಬಹುಪಾಲು ತಪ್ಪುಗಳು ಯಾವ ಕೆಲಸಕ್ಕೂ ಬರಲ್ಲ. ಅಪರೂಪಕ್ಕೊಂದು ಲಾಭ ತಂದರೆ ಆ ನಕಲೇ ಊರೆಲ್ಲ ತುಂಬಿಕೊಳ್ಳುತ್ತದೆ. ಡೆಲ್ಟಾದ ಪಿ681ಆರ್ ಅಂಥದ್ದು: ಮುಳ್ಳಿನ ಪ್ರೋಟೀನನ್ನು ನಮ್ಮದೇ ಕಿಣ್ವ ಸಲೀಸಾಗಿ ಕತ್ತರಿಸುವಂತೆ ಮಾಡಿ, ಜೀವಕೋಶದ ಬಾಗಿಲು ಸುಲಭವಾಗಿ ತೆರೆಯಿತು.

ಎರಡೇ ವಾರದಲ್ಲಿ ಅದೇ ಟಿವಿ ರಾಗ ಬದಲಿಸಿತು. ಓಮಿಕ್ರಾನ್ ‘ಮೈಲ್ಡ್’ ಅಂತೆ. (ದೇಶದ ಮೊದಲ ಎರಡು ಕೇಸ್ ಬೆಂಗಳೂರಿನಲ್ಲೇ ಸಿಕ್ಕಿದ್ದು, 2021ರ ಡಿಸೆಂಬರ್ 2ಕ್ಕೆ ಸುದ್ದಿಯಾಯ್ತು. ಆಗ ಇದೇ ಜನ ಪ್ರಳಯ ಅಂದಿದ್ದರು.) ಅಜ್ಜಿ ಎರಡನೇ ಡೋಸ್ ಬೇಡ ಅಂದುಬಿಟ್ಟರು. “ಬರೀ ನೆಗಡಿಯಂತಲ್ಲ, ಸೂಜಿ ಯಾಕೆ?”

ನನ್ನ ಸಿಟ್ಟು ಈ ಎರಡನೇ ಪದದ ಮೇಲೆ ಇನ್ನೂ ಜಾಸ್ತಿ. ಓಮಿಕ್ರಾನ್ ಶ್ವಾಸಕೋಶದ ಆಳಕ್ಕಿಂತ ಮೇಲಿನ ಶ್ವಾಸನಾಳದಲ್ಲಿ ಹೆಚ್ಚು ಬೆಳೆಯುತ್ತದೆ, ನಿಜ. ಆದರೆ ‘ಡೆಲ್ಟಾಗಿಂತ’ ಅನ್ನೋ ಮಾತು ನುಂಗಿ ‘ಮೈಲ್ಡ್’ ಅಂತಷ್ಟೇ ಹೇಳಿದರೆ ಅರ್ಥವೇ ಬೇರೆ. ಅದೇ ವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದ ವೃದ್ಧರು ಸಾಲುಸಾಲಾಗಿ ಸತ್ತದ್ದು ಇದೇ ‘ಮೈಲ್ಡ್’ ಓಮಿಕ್ರಾನ್‌ಗೆ. ನಮ್ಮ ಪಕ್ಕದ ಚಾಮರಾಜನಗರದಲ್ಲಿ 2021ರ ಮೇ ಮೊದಲ ವಾರ, ಆಕ್ಸಿಜನ್ ಕೊರತೆಯ ನಡುವೆ 24 ಜನ ಹೋದರಲ್ಲ, ಆ ತೀವ್ರತೆಯನ್ನೂ ಪೂರ್ತಿ ಡೆಲ್ಟಾದ ಲೆಕ್ಕಕ್ಕೆ ಬರೆಯೋದಾ?

ವಾಟ್ಸ್ಯಾಪ್ ಪಂಡಿತರದ್ದು ಮತ್ತೊಂದು ವಾದ: ವೈರಸ್ ಬದುಕಬೇಕಾದರೆ ಸೌಮ್ಯ ಆಗಲೇಬೇಕಂತೆ. ಯಾಕೆ? ಕೊರೊನಾ ಹರಡೋದೇ ಮೊದಲ ಕೆಲವು ದಿನ, ಲಕ್ಷಣ ಕಾಣುವ ಮುಂಚೆಯೂ ಸೇರಿ. ಎರಡು ವಾರದ ಮೇಲೆ ರೋಗಿ ಐಸಿಯುನಲ್ಲಿದ್ದರೆ ಅದಕ್ಕೇನು ನಷ್ಟ? ಮೊದಲ ಅಲೆಯ ತಳಿಗಿಂತ ಡೆಲ್ಟಾ ಜೋರಾಗಿತ್ತು ಅನ್ನೋದನ್ನೂ ಇವರು ಮರೆತಿರುತ್ತಾರೆ.

ಅಜ್ಜಿಗೆ ಜಾತ್ರೆ ಲೆಕ್ಕ ಹೇಳಿದೆ. ಲಕ್ಷಾಂತರ ಜನ ಸೇರುವ ಊರಿನವರಿಗೆ ಹರಡೋದು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. “ಸಾವಿರ ಜನಕ್ಕೆ ಬಂದು ಹತ್ತು ಜನ ಹೋಗೋ ಕಾಯಿಲೆ ಅಂತ ಇಟ್ಕೊ. ಅದರ ಜೋರು ಅರ್ಧ ಆಯ್ತು, ಆದ್ರೆ ನಾಲ್ಕು ಸಾವಿರ ಜನಕ್ಕೆ ಬಂತು. ಎಷ್ಟು ಜನ ಹೋದ್ರು?”

ಅಜ್ಜಿ ಬೆರಳು ಮಡಿಸಿದರು. “ಇಪ್ಪತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಟಿವಿಯೋರು ಇದ್ನ ಹೇಳ್ನೇ ಇಲ್ವಲ್ಲ” ಅಂದರು. ಆಮೇಲೆ ಆಧಾರ್ ಕಾರ್ಡ್ ಎಲ್ಲಿಟ್ಟೆ ಅಂತ ಹುಡುಕೋಕೆ ಎದ್ದರು.