ನಗದ ಮುಖಗಳ ನಗೆ: ಇಂಗ್ಲಿಷ್ ಹಾಸ್ಯಚಿತ್ರದ ರಸಿಕರಿಗೊಂದು ಕೈಪಿಡಿ

ರಟ್ಟೀಹಳ್ಳಿ ಸುತ್ತಿನ ಊರುಗಳಲ್ಲಿ ಜಾತ್ರೆ ಅಂದರೆ ನಾಟಕ ಇರಲೇಬೇಕು. ಊರ ಹುಡುಗರೇ ಬಣ್ಣ ಹಚ್ಚುತ್ತಾರೆ, ಹಾರ್ಮೋನಿಯಂ ಮಾಸ್ತರರು ರಾತ್ರಿಯೆಲ್ಲ ತಾಲೀಮು ಕೊಡುತ್ತಾರೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಹಾನಗಲ್ ತಾಲೂಕಿನ ಶೇಷಗಿರಿಯಂಥ ಹಳ್ಳಿ ನಾಡಿನಲ್ಲಿ ಹೆಸರಾದದ್ದೇ ನಾಟಕದಿಂದ. ಇಂಥ ಸೀಮೆಯ ಪ್ರೇಕ್ಷಕರಿಗೆ ನಗುವುದನ್ನು ಯಾರೂ ಕಲಿಸಬೇಕಿಲ್ಲ. ಆದರೂ ಇಂಗ್ಲಿಷ್ ಹಾಸ್ಯಚಿತ್ರದ ಮುಂದೆ ಮೊದಲ ಸಲ ಕೂತವರು ಅರ್ಧ ಗಂಟೆಗೆ ಎದ್ದುಬಿಡುವುದುಂಟು. "ಇದರಾಗ ನಗೋದೇನೈತಿ?" ಅನ್ನುತ್ತಾರೆ. ಆ ಪ್ರಶ್ನೆಗೆ ಉತ್ತರವಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ಇಂಗ್ಲಿಷರ ಹಾಸ್ಯ ನಮಗೆ ಹೊಸದೇನಲ್ಲ. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ಅನ್ನು ಧಾರವಾಡದ ಚನ್ನಬಸಪ್ಪನವರು 1871ರಲ್ಲೇ 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಆಗ ಈ ಭಾಗವೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ನಾಟಕ ಅಷ್ಟು ಹಿಂದೆಯೇ ಬಂತು. ಹಾಸ್ಯಚಿತ್ರ ಮಾತ್ರ ನಮ್ಮ ಟೂರಿಂಗ್ ಟಾಕೀಸುಗಳವರೆಗೆ ಬರಲಿಲ್ಲ. ಹೆಸರು ಓದಿ, ಕತೆ ಕೇಳಿ, ನೋಡಲು ಸಿಗದೆ ವರ್ಷಗಟ್ಟಲೆ ಕಾದವರು ನಮ್ಮ ಸಣ್ಣ ಊರುಗಳಲ್ಲಿ ಬಹಳ ಮಂದಿ. ಈಗ ಆ ಚಿತ್ರಗಳು ಮನೆಗೇ ಬಂದಿವೆ. ಹೇಗೆ ನೋಡಬೇಕು ಅನ್ನುವುದಷ್ಟೇ ಉಳಿದಿದೆ.

ಮೊದಲ ಪಾಠ: ಹಾಸ್ಯಗಾರನನ್ನು ಹುಡುಕಬೇಡಿ

ಕಂಪನಿ ನಾಟಕದಲ್ಲಿ ಹಾಸ್ಯಗಾರ ರಂಗದ ಮೇಲೆ ಕಾಲಿಟ್ಟ ಕೂಡಲೇ ಜನ ನಗಲು ಸಿದ್ಧರಾಗುತ್ತಾರೆ. ಅವನ ವೇಷ, ನಡಿಗೆ, ಮಾತಿನ ವರಸೆ ಎಲ್ಲವೂ ಅದಕ್ಕೇ. ಅವನು ಪ್ರೇಕ್ಷಕರತ್ತ ತಿರುಗಿಯೇ ಮಾತಾಡುತ್ತಾನೆ. ಒಳ್ಳೆಯ ಇಂಗ್ಲಿಷ್ ಹಾಸ್ಯಚಿತ್ರಗಳು ಬಹಳ ಸಲ ಇದಕ್ಕೆ ತಿರುವುಮುರುವು. ಅಲ್ಲಿ ತಾನು ನಗೆಪಾತ್ರ ಅನ್ನುವುದು ಯಾರಿಗೂ ಗೊತ್ತಿಲ್ಲ. ಎಲ್ಲರೂ ಗಂಭೀರವಾಗಿ, ಸಭ್ಯವಾಗಿ, ತಮ್ಮ ತಮ್ಮ ಕೆಲಸ ಮಾಡುತ್ತಿರುತ್ತಾರೆ. ಸುತ್ತಲಿನ ಲೋಕ ಕುಸಿಯುತ್ತಿದ್ದರೂ ಮರ್ಯಾದೆ ಬಿಡುವುದಿಲ್ಲ. ಆ ಮರ್ಯಾದೆಗೂ ಆ ಕುಸಿತಕ್ಕೂ ನಡುವಿನ ಅಂತರದಲ್ಲಿ ನಗೆ ಹುಟ್ಟುತ್ತದೆ. ಇದೊಂದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ.

ಯಾವ ಚಿತ್ರದಿಂದ ಆರಂಭಿಸಬೇಕು?

ನನ್ನ ಆಯ್ಕೆ 1955ರ 'ದಿ ಲೇಡಿಕಿಲ್ಲರ್ಸ್'. ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೋದ ಬಣ್ಣದ ಚಿತ್ರ ಇದು. ಅವಧಿ ಸುಮಾರು ಒಂದೂವರೆ ಗಂಟೆ. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್, ಕತೆ ಬರೆದವರು ವಿಲಿಯಂ ರೋಸ್. ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಹತ್ತಿರ, ಸುರಂಗದ ಮೇಲಿನ ಓರೆಯಾದ ಒಂದು ಹಳೇ ಮನೆ. ಅಲ್ಲಿ ಗಿಳಿಗಳನ್ನು ಸಾಕಿಕೊಂಡು ಒಂಟಿಯಾಗಿರುವ ಅಜ್ಜಿ ಮಿಸೆಸ್ ವಿಲ್ಬರ್‌ಫೋರ್ಸ್. ಮೇಲಿನ ಕೋಣೆಯನ್ನು ಪ್ರೊಫೆಸರ್ ಮಾರ್ಕಸ್ ಎಂಬಾತ ಬಾಡಿಗೆಗೆ ಹಿಡಿಯುತ್ತಾನೆ. ನಾವು ಐದು ಜನ ಸೇರಿ ಸಂಗೀತದ ತಾಲೀಮು ಮಾಡುತ್ತೇವೆ ಅನ್ನುತ್ತಾನೆ. ಐವರೂ ದರೋಡೆಕೋರರು. ಹಣ ಸಾಗಿಸುವ ಗಾಡಿಯನ್ನು ದೋಚುವುದು ಅವರ ಯೋಜನೆ. ಕದ್ದ ಹಣದ ಪೆಟ್ಟಿಗೆಯನ್ನು ನಿಲ್ದಾಣದಿಂದ ಮನೆಗೆ ತರುವ ಕೆಲಸ, ಏನೂ ಅರಿಯದ ಆ ಅಜ್ಜಿಯದ್ದು.

ಅಜ್ಜಿಯ ಪಾತ್ರ ಮಾಡಿದ ಕೇಟಿ ಜಾನ್ಸನ್ ಹುಟ್ಟಿದ್ದು 1878ರಲ್ಲಿ. ದಶಕಗಳ ಕಾಲ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದ ಆಕೆಗೆ ಬ್ರಿಟನ್ನಿನ ಅತ್ಯುತ್ತಮ ನಟಿ ಎಂಬ ಬಾಫ್ಟಾ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಮಾರ್ಕಸ್ ಆಗಿರುವವರು ಅಲೆಕ್ ಗಿನ್ನೆಸ್. ತಂಡದ ಕಿರಿಯ ಪೀಟರ್ ಸೆಲ್ಲರ್ಸ್.

ಏನು ನೋಡಬೇಕು, ಏನು ಕೇಳಬೇಕು

ಕಿವಿಯಿಂದ ಶುರು ಮಾಡಿ. ಮೇಲಿನ ಕೋಣೆಯಿಂದ ಬೊಕೆರಿನಿಯ ಇಂಪಾದ ಸಂಗೀತ ಕೇಳುತ್ತಿರುತ್ತದೆ. ನುಡಿಸುತ್ತಿರುವುದು ಗ್ರಾಮೊಫೋನು. ಐವರು ಕಳ್ಳರು ನಕ್ಷೆ ಹರಡಿಕೊಂಡು ಕೂತಿದ್ದಾರೆ. ಬಾಗಿಲು ಬಡಿದ ಸದ್ದಾದ ಕೂಡಲೇ ಗ್ರಾಮೊಫೋನು ನಿಲ್ಲಬೇಕು, ವಾದ್ಯಗಳು ಕೈಗೆ ಬರಬೇಕು, ಮುಖದ ಮೇಲೆ ಕಲಾವಿದರ ಕಳೆ ಬರಬೇಕು. ಅಜ್ಜಿ ಕೇಳುವುದು ಒಂದೇ ಮಾತು: ಚಹಾ ಬೇಕೇ? ಹೀಗೆ ಮತ್ತೆ ಮತ್ತೆ ಆಗುತ್ತದೆ. ಒಂದೊಂದು ಸಲವೂ ಅವರ ಸಹನೆ ಒಂದೊಂದು ಎಳೆ ಹರಿಯುತ್ತದೆ. ಮಾತು ತಿಳಿಯದಿದ್ದರೂ ಇದು ತಿಳಿಯುತ್ತದೆ.

ಕೈಗಳನ್ನು ನೋಡಿ. ಗಿನ್ನೆಸ್ ನಗುವಾಗ ಹಲ್ಲು ಕಾಣುತ್ತವೆ, ಕಣ್ಣು ನಗುವುದಿಲ್ಲ, ಬೆರಳುಗಳು ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಕೇಟಿ ಜಾನ್ಸನ್ ನಗಿಸಲು ಏನೂ ಮಾಡುವುದಿಲ್ಲ. ಆಕೆ ಏನೂ ಮಾಡದಿರುವುದರಿಂದಲೇ ಐವರ ಆಟ ಬಯಲಾಗುತ್ತದೆ. ಹಾಸ್ಯದಲ್ಲಿ ಇಂಥ ಸಂಯಮ ಅತಿ ಕಷ್ಟದ ಅಭಿನಯ.

ಅಡ್ಡದಾರಿ ಹಿಡಿಯುವ ದೃಶ್ಯಗಳನ್ನು ಬಿಡಬೇಡಿ. ಕದ್ದ ಹಣದ ಪೆಟ್ಟಿಗೆ ಟ್ಯಾಕ್ಸಿಯಲ್ಲಿದೆ, ದೂರದಿಂದ ಕಳ್ಳರು ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ದಾರಿಯಲ್ಲಿ ಹಣ್ಣಿನ ಗಾಡಿಗೆ ಬಾಯಿ ಹಾಕಿದ ಒಂದು ಕುದುರೆಯನ್ನು ವ್ಯಾಪಾರಿ ಗದರಿಸುತ್ತಾನೆ. ಅಜ್ಜಿ ಟ್ಯಾಕ್ಸಿ ನಿಲ್ಲಿಸಿ ಇಳಿದುಬಿಡುತ್ತಾಳೆ, ಮೂಕಪ್ರಾಣಿಯ ಪರ ಜಗಳಕ್ಕೆ. ಕತೆಗೆ ಇದು ಬೇಕಿಲ್ಲ ಅನ್ನಿಸಬಹುದು. ಆದರೆ ಅಜ್ಜಿ ಯಾರು, ಐವರೂ ಆಕೆಯ ಮುಂದೆ ಯಾಕೆ ಸೋಲುತ್ತಾರೆ ಅನ್ನುವುದು ಇಲ್ಲೇ ನಿರ್ಧಾರವಾಗಿದೆ. ಆಕೆಗೆ ಸರಿ ತಪ್ಪು ಎರಡೇ ಗೊತ್ತು, ಹೆದರಿಕೆ ಗೊತ್ತಿಲ್ಲ. ಗುಟ್ಟು ಬಯಲಾದ ಮೇಲೂ ಆಕೆ ಕಿರುಚುವುದಿಲ್ಲ. ಗೆಳತಿಯರು ಚಹಾಕ್ಕೆ ಬರುವ ಹೊತ್ತು, ಸಭ್ಯವಾಗಿ ನಡೆದುಕೊಳ್ಳಿ ಎಂದು ಕಳ್ಳರಿಗೆ ಬುದ್ಧಿ ಹೇಳುತ್ತಾಳೆ. ಅವರೂ ಶಾಲೆಯ ಹುಡುಗರ ಹಾಗೆ ತಲೆ ತಗ್ಗಿಸಿ ಕೇಳುತ್ತಾರೆ.

ಮೊದಲ ದೃಶ್ಯವನ್ನು ನೆನಪಿನಲ್ಲಿಡಿ. ಅಜ್ಜಿ ಪೊಲೀಸ್ ಠಾಣೆಗೆ ಹೋಗುತ್ತಾಳೆ, ಅಲ್ಲಿಯವರು ಪ್ರೀತಿಯಿಂದ ಕೇಳಿ ಕಳಿಸುತ್ತಾರೆ, ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಿಧಾನ ಅನ್ನಿಸುವ ಈ ಐದು ನಿಮಿಷ ಕೊನೆಯ ಐದು ನಿಮಿಷಕ್ಕೆ ಹಾಕಿದ ಬೀಜ. ಕೊನೆ ಏನೆಂದು ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ. ಇಂಥ ಚಿತ್ರಗಳಲ್ಲಿ ಸುಮ್ಮನೆ ಬಂದ ಮಾತಿಲ್ಲ, ಸುಮ್ಮನೆ ಇಟ್ಟ ಕೊಡೆಯಿಲ್ಲ ಅನ್ನುವುದಷ್ಟು ತಿಳಿದಿರಲಿ.

ನಗೆಯ ಅಡಿಯಲ್ಲಿರುವುದು

ಆ ಅಜ್ಜಿ ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ಕತೆ ಹೇಳುತ್ತಾಳೆ. ಕುಣಿತ ನಡೆದಿತ್ತು, ಯಾರೋ ಬಂದು ರಾಣಿ ತೀರಿಕೊಂಡ ಸುದ್ದಿ ಹೇಳಿದರು, ಎಲ್ಲ ನಿಂತಿತು. ವಿಕ್ಟೋರಿಯಾ ರಾಣಿ ತೀರಿದ್ದು 1901ರಲ್ಲಿ. ಅದೇ ರಾಣಿಯ ಹೆಸರಿನಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಕಂದಾಯ ಕಟ್ಟಿದರು. ಚಿತ್ರ ಬಂದಾಗ ಸಾಮ್ರಾಜ್ಯ ಕರಗುತ್ತಿತ್ತು, ಯುದ್ಧದ ಕಾಲದ ಪಡಿತರ ಪದ್ಧತಿ ಪೂರ್ತಿ ಮುಗಿದು ಒಂದು ವರ್ಷವಷ್ಟೇ ಆಗಿತ್ತು. ಓರೆ ಮನೆ, ಹಳೆಯ ಫೋಟೋಗಳು, ಗಂಡನ ನೆನಪಿನ ಗಿಳಿಗಳು, ಬಿಡದ ಶಿಷ್ಟಾಚಾರ: ಇವೆಲ್ಲ ಆ ದೇಶದ್ದೇ ಚಿತ್ರ. ತಮ್ಮ ದೇಶದ ಇಳಿಗಾಲವನ್ನು ಅವರು ಅಳದೆ, ಬಡಾಯಿ ಕೊಚ್ಚದೆ, ನಗುತ್ತ ನೋಡಿದರು. ಅದು ದೊಡ್ಡ ಗುಣ.

ಇನ್ನೊಂದು ಸಂಗತಿ ನಮ್ಮಂಥವರಿಗೆ ಧೈರ್ಯ ಕೊಡುತ್ತದೆ. ಇಷ್ಟು ಅಪ್ಪಟ ಇಂಗ್ಲಿಷ್ ಅನ್ನಿಸುವ ಈ ಚಿತ್ರದ ಲೇಖಕ ರೋಸ್ ಅಮೆರಿಕದವರು. ಮೆಕೆಂಡ್ರಿಕ್ ಕೂಡ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದವರು. ಇಂಗ್ಲಿಷರ ಚಹಾ, ಸಭ್ಯತೆ, ಸಂಕೋಚಗಳಲ್ಲಿ ಇಷ್ಟು ನಗೆ ಇದೆ ಎಂದು ಕಂಡದ್ದು ಹೊರಗಿನವರ ಕಣ್ಣಿಗೆ. ಹಾಗಾದರೆ ಇಲ್ಲಿ ಕುಮುದ್ವತಿ ಹೊಳೆಯ ದಂಡೆಯಲ್ಲಿ ಕೂತು ನೋಡುವ ನಮ್ಮ ಕಣ್ಣಿಗೂ ಅದು ಕಾಣಬೇಕು, ಕಾಣುತ್ತದೆ.

ಬಹುದಿನ ಕಾದವರಿಗೆ

ಹೆಸರಾದ ಚಿತ್ರವನ್ನು ಕಡೆಗೊಮ್ಮೆ ನೋಡುವಾಗ ನಿರೀಕ್ಷೆಯೇ ಅಡ್ಡ ಬರುತ್ತದೆ. 'ಜಗತ್ತೇ ನಕ್ಕ ಚಿತ್ರ' ಎಂದು ಕೇಳಿದವರು ಮೊದಲ ನಿಮಿಷದಿಂದ ಹೊಟ್ಟೆ ಹಿಡಿದು ನಗಲು ಕಾಯುತ್ತಾರೆ. ಈ ಚಿತ್ರಗಳು ನಿಧಾನ ಕಾಯುತ್ತವೆ, ಆಮೇಲೆ ಕುದಿಯುತ್ತವೆ. ಮೊದಲ ಇಪ್ಪತ್ತು ನಿಮಿಷ ನಗು ಬರದಿದ್ದರೆ ಚಿಂತೆ ಬೇಡ; ಮನೆ, ಜನ, ರೀತಿರಿವಾಜು ಪರಿಚಯವಾಗಲಿ. ಮೊಬೈಲಿನಲ್ಲಿ ತುಣುಕು ತುಣುಕಾಗಿ ನೋಡಬೇಡಿ. ಬೀಜ ಕಾಣದೆ ಬೆಳೆ ಕಂಡರೆ ನಗೆ ಹುಟ್ಟುವುದಿಲ್ಲ. ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಿ. ಒಂಟಿಯಾಗಿ ನೋಡುವುದಕ್ಕಿಂತ ನಾಲ್ಕು ಜನ ಕೂಡಿ ನೋಡಿ. ಇಂಗ್ಲಿಷ್ ಬಲ್ಲವರು ಮೊದಲೇ ಸನ್ನಿವೇಶವನ್ನು ಕನ್ನಡದಲ್ಲಿ ಹೇಳಿಬಿಡಲಿ, ಕೊನೆಯೊಂದನ್ನು ಬಿಟ್ಟು. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಚಿತ್ರಗಳು ಹಳ್ಳಿಯ ಜನಕ್ಕೂ ಸಲ್ಲುತ್ತವೆ ಎಂದು ತೋರಿಸಿತು. ರಟ್ಟೀಹಳ್ಳಿಯಲ್ಲೂ ಅದು ಸಾಧ್ಯ.

ಮುಂದಿನ ಮೆಟ್ಟಿಲು

1949ರಲ್ಲಿ ಈಲಿಂಗ್ ಸ್ಟುಡಿಯೋದಿಂದ ಮೂರು ಮುತ್ತುಗಳು ಬಂದವು. 'ಪಾಸ್‌ಪೋರ್ಟ್ ಟು ಪಿಮ್ಲಿಕೊ'ದಲ್ಲಿ ಲಂಡನ್ನಿನ ಒಂದು ಓಣಿಯವರು ಹಳೇ ದಾಖಲೆ ಸಿಕ್ಕಿ, ತಾವು ಬೇರೆ ದೇಶದವರೆಂದು ಸಾರಿಬಿಡುತ್ತಾರೆ. ತಮ್ಮೂರು ತಾಲೂಕಾಗಬೇಕೆಂದು ದನಿ ಎತ್ತಿದ ರಟ್ಟೀಹಳ್ಳಿಯವರಿಗೆ ಆ ಹುರುಪು ಚೆನ್ನಾಗಿ ತಿಳಿಯುತ್ತದೆ. 'ವಿಸ್ಕಿ ಗಲೋರ್' ಮೆಕೆಂಡ್ರಿಕ್ ಅವರದ್ದೇ. 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ದಾಯಾದಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುವವನ ಕತೆ. ಕುಲದ ಎಂಟು ಮಂದಿಯ ಪಾತ್ರವನ್ನೂ ಗಿನ್ನೆಸ್ ಒಬ್ಬರೇ ಮಾಡಿದ್ದಾರೆ. 'ಶಂಕರ್ ಗುರು'ವಿನಲ್ಲಿ ರಾಜಕುಮಾರರ ಮೂರು ಪಾತ್ರಗಳಿಗೆ ಮನಸೋತವರು ಇದನ್ನು ಬಿಡಬಾರದು. ಕಡೆಗೆ 1975ರ 'ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್'. ಕುದುರೆಗೆ ದುಡ್ಡಿಲ್ಲದೆ ತೆಂಗಿನ ಚಿಪ್ಪು ಬಡಿದು ಗೊರಸಿನ ಸದ್ದು ಮಾಡಿದ ಚಿತ್ರ ಅದು. ಇಲ್ಲದ ಕುದುರೆಯನ್ನು ಬಯಲಾಟದಲ್ಲಿ ಒಪ್ಪಿಕೊಳ್ಳುವ ನಮಗೆ ಅದು ಹೊಸದಾಗಿ ಕಾಣುವುದಿಲ್ಲ.

ಯಾವುದನ್ನೇ ಆಗಲಿ ಎರಡು ಸಲ ನೋಡಿ. ಮೊದಲ ಸಲ ಕತೆಗೆ, ಎರಡನೆಯ ಸಲ ಮುಖಗಳಿಗೆ. ಎರಡನೆಯ ನೋಟದಲ್ಲಿ ಹೆಚ್ಚು ನಗಿಸುವುದೇ ಒಳ್ಳೆಯ ಹಾಸ್ಯಚಿತ್ರ. 'ಲೇಡಿಕಿಲ್ಲರ್ಸ್' ಆ ಪರೀಕ್ಷೆಯಲ್ಲಿ ಗೆದ್ದಿದೆ. ಮನೆಯ ಹಿರಿಯರನ್ನೂ ಕೂರಿಸಿಕೊಂಡು ಅದರಿಂದಲೇ ಆರಂಭಿಸಿ.